ಮಾವನವರು ನಿಘಂಟು ಇಳಿಸಿಕೊಂಡದ್ದು ಏಕೆ?

ಮೈಸೂರಿನಿಂದ ಬಂದ ಒಂದು ಪತ್ರವನ್ನು ಓದಿದ ಮೇಲೆ ಈ ವಾರ ಉಳಿದ ಪತ್ರಗಳನ್ನು ಬಿಡಿಸಿ ನೋಡಲು ನನಗೆ ಮನಸ್ಸಾಗಲಿಲ್ಲ. ಬರೆದವರ ಮನೆಯಲ್ಲಿ 74 ವರ್ಷದ ಮಾವನವರಿದ್ದಾರೆ. ಪ್ರೌಢಶಾಲೆಯಲ್ಲಿ 30 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹತ್ತನೆಯ ತರಗತಿಯ ಮೊಮ್ಮಗ ತಾತನನ್ನು ಮೊದಲು ‘ಬೂಮರ್’ ಎಂದ, ಆಮೇಲೆ ‘ಫಾಸಿಲ್’, ಅಂದರೆ ಪಳೆಯುಳಿಕೆ, ಎಂದ. ಬೂಮರ್ ಎಂಬುದು ಏನೋ ಹೊಸ ಮೆಚ್ಚುಗೆಯ ಮಾತೆಂದು ತಿಳಿದು ತಾತ ಅದನ್ನು ವಾಕಿಂಗ್ ಗೆಳೆಯರಿಗೂ ಹೇಳಿಕೊಂಡರು. ಅವರು ಕಳಿಸಿದ ಯುಪಿಐ ಹಣ ತಪ್ಪು ನಂಬರಿಗೆ ಹೋದ ದಿನ ಅವರ ಮಗನ, ಅಂದರೆ ಪತ್ರ ಬರೆದವರ ಗಂಡನ, ಬಾಯಿಂದಲೂ ‘ಡಫರ್’ ಎಂಬ ಮಾತು ಬಂತು. ಬೂಮರ್ ಪದದ ನಿಜವಾದ ಅರ್ಥವನ್ನು ಮಾವನವರಿಗೆ ಹೇಳಬೇಕೇ ಬೇಡವೇ ಎಂಬುದು ಸೊಸೆಯ ಪ್ರಶ್ನೆ.

ತಂಗೀ, ಪತ್ರದ ಕೊನೆಯಲ್ಲಿ ನೀವು ಎರಡು ಸಂಗತಿಗಳನ್ನು ಸುಮ್ಮನೆ ಸೇರಿಸಿದ್ದೀರಿ. ಅಟ್ಟದ ಮೇಲಿದ್ದ ಹಳೆಯ ಇಂಗ್ಲಿಷ್ ನಿಘಂಟನ್ನು ಮಾವನವರು ಇಳಿಸಿಕೊಂಡಿದ್ದಾರೆ, ಓದುವ ಅಭ್ಯಾಸ ಮತ್ತೆ ಶುರುವಾಗಿದೆ. ರಾತ್ರಿಯ ಊಟದ ತಟ್ಟೆಯನ್ನು ಈಗ ಕೋಣೆಗೇ ತರಿಸಿಕೊಳ್ಳುತ್ತಾರೆ, ಅದರಿಂದ ನಿಮಗೂ ಅನುಕೂಲವಾಗಿದೆ. ಈ ಎರಡನ್ನೂ ಜೊತೆಗಿಟ್ಟು ಇನ್ನೊಮ್ಮೆ ಓದಿ. ಹಳೆಯ ನಿಘಂಟಿನಲ್ಲಿ ಬೂಮರ್ ಎಂದರೆ ಆಸ್ಟ್ರೇಲಿಯಾದ ದೊಡ್ಡ ಗಂಡು ಕಾಂಗರೂ ಎಂದು ಇದ್ದಿರಬಹುದು, ಅಷ್ಟರಿಂದ ಅವರಿಗೆ ಏನೂ ತಿಳಿದಿರಲಾರದು; ಆದರೆ ಫಾಸಿಲ್ ಮತ್ತು ಡಫರ್ ಪದಗಳ ಎದುರು ಏನಿರುತ್ತದೆ ಎಂಬುದು ಇಂಗ್ಲಿಷ್ ಮೇಷ್ಟರಿಗೆ ಗೊತ್ತಿಲ್ಲದ ವಿಷಯವಲ್ಲ. ಬೂಮರ್ ಕೂಡ ಅದೇ ಸಾಲಿನ ಮಾತು ಎಂಬುದು, ನೀವು ಹೇಳಬೇಕೇ ಎಂದು ಕೇಳುವ ಮೊದಲೇ, ಅವರಿಗೆ ತಿಳಿದಿದೆ ಎಂದೇ ನಾನು ನಂಬುತ್ತೇನೆ.

ನಿಮ್ಮ ಮಗನ ಮೇಲೆ ನನಗೆ ಹೆಚ್ಚಿನ ಸಿಟ್ಟಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನನಗಳ ಸಂಖ್ಯೆ ಒಮ್ಮೆಲೇ ಏರಿದಾಗ, 1946ರಿಂದ 1964ರ ನಡುವೆ ಹುಟ್ಟಿದವರಿಗೆ ಬಂದ ಹೆಸರು ಬೂಮರ್. 2019ರಲ್ಲಿ ‘ಓಕೆ ಬೂಮರ್’ ಎಂಬುದು ಹಿರಿಯರ ಬಾಯಿ ಮುಚ್ಚಿಸುವ ಮಾತಾಗಿ ಹರಡಿತು. ಅದೇ ನವೆಂಬರಿನಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಹವಾಮಾನದ ಕುರಿತು ಮಾತನಾಡುತ್ತಿದ್ದ 25 ವರ್ಷದ ಸಂಸದೆ ಕ್ಲೋಯಿ ಸ್ವಾರ್ಬ್ರಿಕ್, ನಡುವೆ ಬಾಯಿ ಹಾಕಿದ ಹಿರಿಯ ಸದಸ್ಯರೊಬ್ಬರಿಗೆ ಹಾಗೆ ಉತ್ತರಿಸಿದರು. ಅಲ್ಲಿ ಅದು ಅಧಿಕಾರ ಕೈಯಲ್ಲಿದ್ದ ತಲೆಮಾರಿಗೆ ಎಳೆಯರು ಆಡಿದ ಮಾತು. ನಿಮ್ಮ ಮನೆಯಲ್ಲಿ ಅದು ಬಿದ್ದದ್ದು, ಟಿವಿ ರಿಮೋಟನ್ನೂ ಕೇಳಿ ಪಡೆಯುವ ಹಿರಿಯರ ಮೇಲೆ. ಈ ವ್ಯತ್ಯಾಸವನ್ನು ವಿವರಿಸಿದರೆ ಹದಿನೈದರ ಹುಡುಗನಿಗೆ ಅರ್ಥವಾಗುತ್ತದೆ.

ನನಗೆ ಕೋಪ ಇರುವುದು ನಿಮ್ಮ ಯಜಮಾನರ ಮೇಲೆ. ‘ಈಗಿನ ಮಕ್ಕಳ ತಮಾಷೆ, ದೊಡ್ಡದು ಮಾಡಬೇಡ’ ಎಂದವರೇ ಡಫರ್ ಎಂದರು. ಹದಿನೆಂಟನೆಯ ಶತಮಾನದಲ್ಲಿ ಆ ಪದ ಕೆಲಸಕ್ಕೆ ಬಾರದ ಸರಕನ್ನು ಬೆಲೆಬಾಳುವುದೆಂದು ನಂಬಿಸಿ ಮಾರುವ ಮೋಸಗಾರನಿಗೆ ಸಲ್ಲುತ್ತಿತ್ತು. ಆಮೇಲೆ ಕೈಲಾಗದವನಿಗೆ ಬಂತು. ನಮ್ಮ ತರಗತಿಗಳಲ್ಲಿ ದಡ್ಡನೆಂಬ ಬೈಗುಳವಾಗಿ ಉಳಿಯಿತು. ಕನ್ನಡದಲ್ಲಿ ಹೇಳಲು ನಾಲಿಗೆ ಏಳದ ಮಾತನ್ನು ಇಂಗ್ಲಿಷಿನಲ್ಲಿಯೂ ಹೇಳಬಾರದು ಎಂದು ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ. ಹೆತ್ತ ತಂದೆಯನ್ನು ‘ದಡ್ಡ ಮುದಿಯ’ ಎನ್ನುವ ಧೈರ್ಯ ನಿಮ್ಮ ಯಜಮಾನರಿಗೆ ಇರಲಾರದು, ಇಂಗ್ಲಿಷಿನ ಮರೆಯಲ್ಲಿ ಬಂತು. ಆ ಭಾಷೆಯನ್ನು ಕಲಿಸಿಯೇ ಮನೆ ನಡೆಸಿದವರಿಗೆ ಅದರಲ್ಲಿ ಯಾವ ಮರೆಯೂ ಇಲ್ಲ.

ಆದ್ದರಿಂದ ನೀವು ಯಾರಿಗೂ ಯಾವ ಪದದ ಅರ್ಥವನ್ನೂ ಹೇಳಬೇಡಿ. ಇಂದು ರಾತ್ರಿ ನಿಮ್ಮ ಯಜಮಾನರು ತಮ್ಮ ತಟ್ಟೆ ಹಿಡಿದು, ಮಗನನ್ನೂ ಕರೆದುಕೊಂಡು ತಂದೆಯ ಕೋಣೆಗೆ ಹೋಗಿ, ‘ಅಪ್ಪಾ, ಅವತ್ತು ನಾನು ಹಾಗೆ ಅಂದದ್ದು ತಪ್ಪು’ ಎಂದು ಕನ್ನಡದಲ್ಲಿ ಹೇಳಿ ಅಲ್ಲಿಯೇ ಊಟ ಮಾಡಲಿ. ತೆರೆಯ ಮೇಲೆ ಬರುವ ಹೆಸರನ್ನು ಓದಿಕೊಂಡ ನಂತರವೇ ಪಿನ್ ಒತ್ತಬೇಕೆಂಬುದನ್ನು ಊಟವಾದ ಮೇಲೆ ಪಕ್ಕದಲ್ಲಿ ಕುಳಿತು ತೋರಿಸಿಕೊಡಲಿ. ಅವರು ಒಪ್ಪದಿದ್ದರೆ ನಿಮ್ಮ ತಟ್ಟೆಯನ್ನೂ ಮಗನ ತಟ್ಟೆಯನ್ನೂ ನೀವೇ ಆ ಕೋಣೆಗೆ ಒಯ್ಯಿರಿ. ಒಂಟಿಯಾಗಿ ಉಣ್ಣುವ ಸರದಿ ಅವರದಾಗಲಿ.