ಪತ್ರಿಕೆಗೆ ಬೇಡದ ಲೈಸೆನ್ಸ್ ರೇಡಿಯೋಗೆ ಯಾಕೆ?

ಬಹಳ ದೇಶಗಳಲ್ಲಿ ಪತ್ರಿಕೆ ತರಲು ಲೈಸೆನ್ಸ್ ಬೇಡ, ರೇಡಿಯೋ ಸ್ಟೇಷನ್‌ಗೆ ಮಾತ್ರ ಬೇಕು, ಇದು ಬಾಯಿ ಮುಚ್ಚಿಸುವ ದಾರಿ ಅಲ್ವಾ ಎಂದು ಕೇಳಿದ್ದೀರಿ. ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆದರೆ ಮೂಲ ಕಾರಣ ಬೇರೆ. ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟರೂ ಓದಬಹುದು. ಒಂದೇ ಜಾಗದಲ್ಲಿ, ಒಂದೇ ತರಂಗಾಂತರದಲ್ಲಿ ಎರಡು ಸ್ಟೇಷನ್ ಮಾತಾಡಿದರೆ ಎರಡೂ ಸರಿಯಾಗಿ ಕೇಳಿಸುವುದಿಲ್ಲ.

ಅಮೆರಿಕದಲ್ಲಿ ಹೀಗೇ ಆಯಿತು. 1912ರ ಕಾಯ್ದೆಯಲ್ಲಿ ಲೈಸೆನ್ಸ್ ಇತ್ತು, ನಿಯಂತ್ರಿಸುವ ಬಲ ಇರಲಿಲ್ಲ. ಕೊಟ್ಟ ತರಂಗಾಂತರ ಬಿಟ್ಟು ಬೇರೆಯದಕ್ಕೆ ಹಾರಿದ ಸ್ಟೇಷನ್ನನ್ನು ಶಿಕ್ಷಿಸಲು ಆಗದು ಎಂದು 1926ರಲ್ಲಿ ಕೋರ್ಟ್ ಹೇಳಿತು. ಆಮೇಲೆ ಸ್ಟೇಷನ್‌ಗಳು ಬೇಕಾದ ಕಡೆ ಹಾರಿದವು, ಪವರ್ ಜಾಸ್ತಿ ಮಾಡಿಕೊಂಡವು. ಕೇಳುಗರಿಗೆ ಬರೀ ಗದ್ದಲ. 1927ರಲ್ಲಿ ಹೊಸ ಕಾಯ್ದೆ ಬಂತು, ಜೊತೆಗೆ ತರಂಗಾಂತರ ಹಂಚಿ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ, ಫೆಡರಲ್ ರೇಡಿಯೋ ಕಮಿಷನ್.

ಯಾವ ತರಂಗಾಂತರ, ಎಷ್ಟು ಪವರ್ ಎನ್ನುವುದು ಸಂಚಾರ ನಿಯಮ ಇದ್ದಂತೆ. ಏನು ಮಾತಾಡಬೇಕು ಎನ್ನುವುದು ಬೇರೆಯೇ ವಿಷಯ. ಒಂದೇ ಲೈಸೆನ್ಸ್‌ನಲ್ಲಿ ಎರಡನ್ನೂ ಬೆರೆಸಿದಾಗ ನಿಮ್ಮ ಭಯ ನಿಜವಾಗುತ್ತದೆ. ನನ್ನ ಪ್ರಕಾರ ಲೈಸೆನ್ಸ್ ನವೀಕರಣದ ನಿಯಮವನ್ನೇ ಮೊದಲು ಓದಿ. ನಿರಾಕರಿಸುವವರು ಯಾರು, ಕಾರಣ ಬರೆದು ಕೊಡಬೇಕಾ, ಕೋರ್ಟಿಗೆ ಹೋಗಬಹುದಾ ನೋಡಿ.