ಓದುಗರ ಪ್ರಶ್ನೆ: ಆರ್ಕ್ಟಿಕ್ ಕೆಸರಿನಲ್ಲಿರುವ ಇಂಗಾಲ ಎಲ್ಲಿಂದ ಬಂತು?

ಪ್ರಶ್ನೆ: ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿರುವ, ನಾರ್ವೆಗೆ ಸೇರಿದ ದ್ವೀಪಸಮೂಹವಾದ ಸ್ವಾಲ್ಬಾರ್ಡ್‌ನಲ್ಲಿ, ಫಿಯಾರ್ಡ್‌ನ ತಳದ ಕೆಸರಿನಲ್ಲಿರುವ ಸಾವಯವ ಪದಾರ್ಥದ ಮೂಲವನ್ನು ವಿಜ್ಞಾನಿಗಳು ಹುಡುಕುತ್ತಾರೆಂದು ಓದಿದೆ. ಮರವೇ ಬೆಳೆಯದ ಆ ನೆಲದಲ್ಲಿ ಅದು ಎಲ್ಲಿಂದ ಬರುತ್ತದೆ? ಮೂಲವನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ಶಿರಸಿ

ಉತ್ತರ: ಹಿಮಾದ್ರಿ 2008ರಿಂದ ಕೆಲಸ ಮಾಡುತ್ತಿರುವುದು ನ್ಯೂ-ಓಲೆಸುಂಡ್ ಎಂಬ ಪುಟ್ಟ ನೆಲೆಯಲ್ಲಿ. ಅದರ ಎದುರಿಗಿರುವ ಕಾಂಗ್ಸ್‌ಫಿಯಾರ್ಡನ್, 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹಿಮನದಿಗಳು ಕೊರೆದ ಆಳವಾದ ಕಡಲ ಕೊಲ್ಲಿ, ಅಂದರೆ ಫಿಯಾರ್ಡ್. ಮರಗಳಿಲ್ಲದಿದ್ದರೂ ಅಲ್ಲಿ ಜೀವರಾಶಿಗೆ ಕೊರತೆಯಿಲ್ಲ. ಚಳಿಗಾಲದ ದೀರ್ಘ ಕತ್ತಲು ಕಳೆದು, ಏಪ್ರಿಲ್–ಮೇ ಹೊತ್ತಿಗೆ ಬೆಳಕು ಹೆಚ್ಚಿದಾಗ ಡಯಾಟಮ್ ಮೊದಲಾದ ಸೂಕ್ಷ್ಮ ಪಾಚಿಗಳು ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಅವುಗಳಲ್ಲಿ ಯಾರಿಗೂ ಆಹಾರವಾಗದೆ ಉಳಿದದ್ದೂ, ಅವುಗಳನ್ನು ತಿಂದ ಪ್ರಾಣಿಪ್ಲವಕಗಳ (ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳ) ಮಲವೂ ತಳಕ್ಕಿಳಿಯುತ್ತವೆ. ದಂಡೆಯ ಬಂಡೆಗಳಿಗೆ ಅಂಟಿ ಬೆಳೆಯುವ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಚೂರುಗಳು ಇದಕ್ಕೆ ಸೇರುತ್ತವೆ. ನೆಲದ ಮೇಲಿನ ಹಾವಸೆ, ಕುಳ್ಳ ಗಿಡ, ಮಣ್ಣು ಮತ್ತು ಕಡಲಹಕ್ಕಿಗಳ ಹಿಕ್ಕೆಯನ್ನು ಬೇಸಿಗೆಯ ಕರಗುನೀರು ಹೊತ್ತು ತರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಮೂಲವೊಂದಿದೆ. ನ್ಯೂ-ಓಲೆಸುಂಡ್ ಹಿಂದೆ ಕಲ್ಲಿದ್ದಲಿನ ಊರಾಗಿತ್ತು. 1962ರಲ್ಲಿ 21 ಕಾರ್ಮಿಕರನ್ನು ಬಲಿ ಪಡೆದ ಸ್ಫೋಟದ ನಂತರವೇ ಅಲ್ಲಿ ಗಣಿಗಾರಿಕೆ ನಿಂತಿತು. ಸುಮಾರು 6 ಕೋಟಿ ವರ್ಷ ಹಿಂದಿನ ಆ ಕಲ್ಲಿದ್ದಲನ್ನೂ ಇಂಗಾಲ ತುಂಬಿದ ಇತರ ಬಂಡೆಗಳನ್ನೂ ಮಂಜುಗಡ್ಡೆ ಮತ್ತು ನೀರು ಸವೆಸಿ, ಪುಡಿಯನ್ನು ಫಿಯಾರ್ಡ್‌ಗೆ ಸೇರಿಸುತ್ತವೆ. ಹೀಗಾಗಿ ಒಂದು ಚಿಟಿಕೆ ಕೆಸರಿನಲ್ಲಿ ಕಳೆದ ವಸಂತದ ಪಾಚಿಯೂ ಕೋಟ್ಯಂತರ ವರ್ಷ ಹಳೆಯ ಇಂಗಾಲವೂ ಒಟ್ಟಿಗಿರುತ್ತವೆ. ಕೆಸರಿನಲ್ಲಿ ಇಂಗಾಲ ಶೇಕಡ ಎಷ್ಟಿದೆ ಎಂದು ಅಳೆದ ಮಾತ್ರಕ್ಕೆ ಏನೂ ತಿಳಿದಂತಾಗುವುದಿಲ್ಲ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮೂಲವನ್ನು ಗುರುತಿಸಲು ಮೊದಲು ನೋಡುವುದು ಇಂಗಾಲ ಮತ್ತು ಸಾರಜನಕದ ಅನುಪಾತವನ್ನು. ಕಡಲ ಸಸ್ಯಪ್ಲವಕಗಳಲ್ಲಿ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳಲ್ಲಿ) 16 ಸಾರಜನಕ ಪರಮಾಣುಗಳಿಗೆ ಸರಾಸರಿ 106 ಇಂಗಾಲ ಪರಮಾಣುಗಳಿರುತ್ತವೆ, ಅಂದರೆ ಅನುಪಾತ ಏಳಕ್ಕಿಂತ ತುಸು ಕಡಿಮೆ. ನೆಲದ ಸಸ್ಯಗಳಲ್ಲಿ ಅದು ಸಾಮಾನ್ಯವಾಗಿ 20ನ್ನು ಮೀರುತ್ತದೆ. ಆದರೆ ಜೇಡಿಯ ಕಣಗಳಿಗೆ ಅಂಟಿದ, ಸಾರಜನಕವುಳ್ಳ ಅಮೋನಿಯಂ ಈ ಲೆಕ್ಕವನ್ನು ಕೆಡಿಸಬಲ್ಲದು. ಎರಡನೆಯದು ಇಂಗಾಲ-13 ಎಂಬ ಸಮಸ್ಥಾನಿಯ, ಅಂದರೆ ಇಂಗಾಲದ ತುಸು ಭಾರವಾದ ರೂಪದ ಪ್ರಮಾಣ. ನೆಲದ ಸಸ್ಯಗಳಲ್ಲಿ ಇದು ಕಡಲ ಪಾಚಿಗಳಿಗಿಂತ ಕಡಿಮೆ ಎಂಬುದು ಸಾಮಾನ್ಯ ನಿಯಮವಾದರೂ, ತಣ್ಣೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಕರಗಿರುವುದರಿಂದ ಆರ್ಕ್ಟಿಕ್‌ನ ಸಸ್ಯಪ್ಲವಕಗಳ ಮೌಲ್ಯವೂ ಕೆಳಗಿಳಿದು, ನೆಲದ ಸಸ್ಯಗಳ ಮೌಲ್ಯಕ್ಕೆ ಹತ್ತಿರವಾಗುತ್ತದೆ. ಬೆಚ್ಚನೆಯ ಕಡಲಿಗೆ ಹೊಂದುವ ಮಾನದಂಡವನ್ನು ಇಲ್ಲಿ ಹಾಗೆಯೇ ಬಳಸಿದರೆ, ಕಡಲಿನದೇ ಆದ ಇಂಗಾಲ ನೆಲದ್ದೆಂದು ತೋರುತ್ತದೆ.

ಆದ್ದರಿಂದ ನಿರ್ದಿಷ್ಟ ಅಣುಗಳನ್ನು ಹುಡುಕಬೇಕಾಗುತ್ತದೆ. ಸಸ್ಯಗಳಿಗೆ ಗಟ್ಟಿತನ ಕೊಡುವ ಲಿಗ್ನಿನ್‌ನ ಅವಶೇಷಗಳೂ, ಎಲೆಗಳ ಮೇಣದಲ್ಲಿರುವ 27, 29, 31 ಇಂಗಾಲಗಳ ಉದ್ದನೆಯ ಸರಪಳಿಗಳೂ ನೆಲದ ಸಸ್ಯಗಳನ್ನು ಸೂಚಿಸುತ್ತವೆ. ಕಡಲಮಂಜಿನೊಳಗೆ (ಹೆಪ್ಪುಗಟ್ಟಿದ ಕಡಲನೀರಿನೊಳಗೆ) ಬೆಳೆಯುವ ಕೆಲವು ಡಯಾಟಮ್‌ಗಳು ಮಾತ್ರ ತಯಾರಿಸುವ, 25 ಇಂಗಾಲಗಳ ‘ಐಪಿ25’ ಎಂಬ ಅಣು ಸಿಕ್ಕರೆ, ಆ ಪದರ ಕೂಡಿದ ಕಾಲದಲ್ಲಿ ವಸಂತದ ಕಡಲಮಂಜು ಇತ್ತೆಂದು ತಿಳಿಯುತ್ತದೆ. ಪುರಾತನ ಇಂಗಾಲವನ್ನು ಬೇರ್ಪಡಿಸಿ ತೋರಿಸುವುದು, ಕಾಲ ಕಳೆದಂತೆ ಕ್ಷಯಿಸುವ ರೇಡಿಯೊ ಇಂಗಾಲ. ಇದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಕಲ್ಲಿದ್ದಲಿನಲ್ಲಿ ಅದು ಎಂದೋ ಮುಗಿದುಹೋಗಿರುತ್ತದೆ.

ಪ್ರಶ್ನೆ: ಕೆಸರಿನಲ್ಲಿ ಇಂಗಾಲ ಹೂತುಹೋದರೆ ಭೂಮಿಯ ಬಿಸಿ ಕಡಿಮೆಯಾಗುತ್ತದೆಯೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅದು ಯಾವ ಇಂಗಾಲ ಎಂಬುದನ್ನು ಅವಲಂಬಿಸಿದೆ. ಕಡಲಿನ ಮೇಲ್ಮೈಯಲ್ಲಿ ಶೇಕಡ 0.1ರಷ್ಟೂ ಇಲ್ಲದ ಫಿಯಾರ್ಡ್‌ಗಳು, ಕಡಲತಳದಲ್ಲಿ ಪ್ರತಿವರ್ಷ ಹೂತುಹೋಗುವ ಸಾವಯವ ಇಂಗಾಲದ ಸುಮಾರು ಶೇಕಡ 11ರಷ್ಟನ್ನು ಹಿಡಿದಿಡುತ್ತವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ವಾತಾವರಣದಿಂದ ಈಚೆಗೆ ಪಾಚಿಯೋ ಗಿಡವೋ ಹೀರಿಕೊಂಡ ಇಂಗಾಲ ಹೀಗೆ ಹೂತರೆ ಅದು ನಿಜವಾದ ಉಳಿತಾಯ. ಬಂಡೆಯಿಂದ ಸವೆದ ಇಂಗಾಲವಾದರೆ, ಒಂದು ಬಂಡೆಯಿಂದ ಮುಂದೆ ಬಂಡೆಯಾಗಲಿರುವ ಕೆಸರಿಗೆ ಸ್ಥಳಾಂತರಗೊಂಡಿದೆಯಷ್ಟೇ. ಗಾಳಿಯಿಂದ ಏನೂ ಕಡಿಮೆಯಾಗಿಲ್ಲ. ದಾರಿಯಲ್ಲಿ ಸೂಕ್ಷ್ಮಜೀವಿಗಳು ಅದರ ಒಂದು ಪಾಲನ್ನು ಉಸಿರಾಡಿ ಹೊರಬಿಟ್ಟರಂತೂ ವಾತಾವರಣಕ್ಕೆ ಹೊಸ ಹೊರೆಯೇ ಸೇರುತ್ತದೆ.