ಅಂಗಾಲಿನ ಕಪ್ಪು ಕಲೆಯನ್ನು ಕೊಯ್ಯದೆ ಪರೀಕ್ಷಿಸಬಹುದೇ?

ಅಮ್ಮನ ಅಂಗಾಲಿನ ಕಪ್ಪು ಕಲೆ ಒಂದು ವರ್ಷದಿಂದ ಅಗಲವಾಗುತ್ತಿದೆ, ಇಷ್ಟು ದಿನ ಆಣಿ ಅಂದುಕೊಂಡಿದ್ದೆವು, ಈಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರಬಹುದೆಂಬ ಹೆದರಿಕೆ, ಕೊಯ್ಯದೆ ತಿಳಿಯುವ ದಾರಿ ಇದೆಯೇ ಎಂದು ಪೆರ್ಲದಿಂದ ಕೇಳಿದ್ದೀರಿ.

ಇದೆ. ಡರ್ಮೋಸ್ಕೋಪಿ ಮಾಡಿಸಿ, ಇದೇ ವಾರ. ನಾನು ಬದಿಯಡ್ಕದವನು. ಮಂಗಳೂರಿನ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಈ ಚಿತ್ರಗಳನ್ನು ತೆಗೆಯುವುದೇ ನನ್ನ ಕೆಲಸ.

ಡರ್ಮೋಸ್ಕೋಪ್ ಅಂದರೆ ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸುವ, ದೀಪವಿರುವ ಕೈಮಸೂರ. ಚರ್ಮದ ಮೇಲಿನ ಹೊಳಪನ್ನು ಅದು ತಡೆಯುವುದರಿಂದ ಒಳಗಿನ ಬಣ್ಣ ಹೇಗೆ ಹರಡಿದೆ ಎಂದು ಕಾಣುತ್ತದೆ. ಸೂಜಿಯಿಲ್ಲ, ನೋವಿಲ್ಲ.

ಅಂಗಾಲಿನ ಚರ್ಮದಲ್ಲಿ ನಮ್ಮ ಅಡಿಕೆ ತೋಟದ ಹಾಗೆ ಕಣಿ ಮತ್ತು ದಿಣ್ಣೆಗಳ ಸಾಲುಗಳಿವೆ. ನಿರಪಾಯದ ಮಚ್ಚೆಯ ಬಣ್ಣ ಹೆಚ್ಚಾಗಿ ಕಣಿಯಲ್ಲಿರುತ್ತದೆ, ಮೆಲನೋಮದ ಬಣ್ಣ ದಿಣ್ಣೆಯ ಮೇಲೆ ಪಟ್ಟಿಪಟ್ಟಿಯಾಗಿ ಕೂರುತ್ತದೆ. ಈ ವ್ಯತ್ಯಾಸವನ್ನು ಗುರುತಿಸಿ ಕಲಿಸಿಕೊಟ್ಟವರು ಜಪಾನಿನ ವೈದ್ಯರು. ಯಾವುದು ದಿಣ್ಣೆ ಎಂಬ ಸಂದೇಹ ಬಂದರೆ ಬೆವರಿನ ರಂಧ್ರಗಳ ಬಿಳಿ ಚುಕ್ಕೆಗಳನ್ನು ಹುಡುಕುತ್ತೇವೆ, ಅವು ದಿಣ್ಣೆಯ ಮೇಲೇ ಇರುತ್ತವೆ. ಅಥವಾ ಶಾಯಿ ಹಚ್ಚಿ ಒರೆಸುತ್ತೇವೆ, ಕಣಿಯಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ಎಷ್ಟೋ ಸಲ ಅದು ಏಟು ಬಿದ್ದು ಹೆಪ್ಪುಗಟ್ಟಿದ ನೆತ್ತರು ಮಾತ್ರ. ವೈದ್ಯರು ಮೇಲಿನ ಸತ್ತ ಪದರ ಹೆರೆದರೆ ಅದರೊಂದಿಗೆ ಕಲೆಯೂ ಹೋಗುತ್ತದೆ.

ಕಾನ್ಫೋಕಲ್ ಮೈಕ್ರೋಸ್ಕೋಪಿ ಎಂಬ ದೊಡ್ಡ ಯಂತ್ರವೂ ಇದೆ. 830 ನ್ಯಾನೋಮೀಟರ್ ಲೇಸರಿನಿಂದ ಜೀವಕೋಶಗಳನ್ನೇ ತೋರಿಸುತ್ತದೆ, ಆದರೆ ಸುಮಾರು ಕಾಲು ಮಿಲಿಮೀಟರ್ ಆಳದವರೆಗೆ ಮಾತ್ರ. ಅಂಗಾಲಿನ ಮೇಲ್ಪದರವೇ ದಪ್ಪ, ಬೆಳಕು ಅಲ್ಲೇ ಸೋಲುತ್ತದೆ. ಅದಕ್ಕಾಗಿ ದೂರದೂರಿಗೆ ಅಲೆಯಬೇಡಿ, ಅಮ್ಮನ ಕಾಲಿಗೆ ಅನುಭವಿಯ ಕೈಯಲ್ಲಿರುವ ಮಸೂರವೇ ಮೇಲು. ಫೋನಿನ ಆ್ಯಪ್‌ಗಳನ್ನಂತೂ ಈ ವಿಷಯದಲ್ಲಿ ನಾನು ನಂಬುವುದಿಲ್ಲ. ಅವುಗಳ ತರಬೇತಿಗೆ ಬಳಸಿದ ಚಿತ್ರಗಳಲ್ಲಿ ಬಿಳಿ ಚರ್ಮದವರದ್ದೇ ಹೆಚ್ಚು.

ಮೆಲನೋಮ ಬಿಸಿಲಿನ ಕಾಯಿಲೆ ಎಂದು ಓದಿರಬಹುದು. ನಮ್ಮಲ್ಲಿ ಅದೇ ಅಪರೂಪ, ಬಂದರೆ ಹೆಚ್ಚಾಗಿ ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ತೋಟದ ಕೆಲಸದವರು ಒಡೆದ ಹಿಮ್ಮಡಿಯನ್ನೇ ಲೆಕ್ಕಿಸುವುದಿಲ್ಲ, ಕಲೆಯನ್ನು ಯಾರು ನೋಡುತ್ತಾರೆ? ತಡವಾಗಿ ಬರುವವರನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ.

ಆದರೆ ಡರ್ಮೋಸ್ಕೋಪಿ ಕೊನೆಯ ತೀರ್ಪಲ್ಲ. ಸಂದೇಹ ಕಂಡು ವೈದ್ಯರು ಬಯಾಪ್ಸಿ, ಅಂದರೆ ಕಲೆಯನ್ನು ಕೊಯ್ದು ತೆಗೆದು ಪರೀಕ್ಷಿಸುವುದು, ಬೇಕೆಂದು ಹೇಳಿದರೆ ಒಪ್ಪಿಕೊಳ್ಳಿ. ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಮನೆಯ ಹಿರಿಯರು ತಡೆಯಬಹುದು. ಅದು ನಿಜವಲ್ಲ. ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬ ಬ್ರೆಸ್ಲೋ ಅಳತೆ ಬಯಾಪ್ಸಿಯಿಂದಲೇ ಸಿಗುವುದು, ಮುಂದಿನ ಚಿಕಿತ್ಸೆ ಬಹುಪಾಲು ಅದರ ಮೇಲೆ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸುತ್ತಲಿನ ಒಂದಿಷ್ಟು ಚರ್ಮದೊಂದಿಗೆ ತೆಗೆದುಹಾಕಿದಾಗ ಹೆಚ್ಚಿನವರು ಗುಣವಾಗುತ್ತಾರೆ.

ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಚರ್ಮರೋಗ ತಜ್ಞರಿಗೆ ಫೋನ್ ಮಾಡಿ, ಡರ್ಮೋಸ್ಕೋಪ್ ಇದೆಯೇ ಎಂದು ಕೇಳಿಯೇ ಹೊರಡಿ. ಕ್ಯಾನ್ಸರ್ ಎಂದು ಖಚಿತವಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ರೈಲಿನಲ್ಲೇ ಹೋಗಿಬರಬಹುದು. ಅಲ್ಲಿಯತನಕ ಕಲೆಗೆ ಆಣಿ ಪಟ್ಟಿ ಅಂಟಿಸಬೇಡಿ, ಬ್ಲೇಡಿನಿಂದ ಕೆತ್ತಬೇಡಿ. ಹಳೆಯ ಫೋಟೋ ಇದ್ದರೆ ಒಯ್ಯಿರಿ, ಇನ್ನೊಂದು ಕಾಲನ್ನೂ ಎಲ್ಲ ಉಗುರುಗಳನ್ನೂ ತೋರಿಸಿ.